ಹೆಪ್ಪುಗಟ್ಟಿದ ಬೀಗ: ಪಶ್ಚಿಮ ಬೆಂಗಳೂರಿನ ಕಾರು ಮಾಲೀಕರ ಕೈಪಿಡಿ

ಯಾರಿಗೆ ಅನ್ವಯ

ಈ ಕೈಪಿಡಿ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಉಪನಗರಗಳಲ್ಲಿ ರಸ್ತೆಯ ಮೇಲೆ ಮಲಗುವ ಕಾರುಗಳಿಗೆ ಮಾತ್ರ. ಅಂದರೆ ಮೂವತ್ತು-ನಲವತ್ತರ ಸೈಟಿನಲ್ಲಿ ನಾಲ್ಕು ಅಂತಸ್ತು ಎದ್ದು, ಗೇಟಿನೊಳಗೆ ಓನರ್ ಕಾರಿಗೊಂದಕ್ಕೇ ಜಾಗ ಉಳಿದು, ಮಿಕ್ಕವರೆಲ್ಲ ಹೊಂಗೆಮರದ ಕೆಳಗೆ, ಚಕ್ರ ಮೋರಿಯ ಕಲ್ಲಿಗೆ ತಾಗುವ ಹಾಗೆ ಗಾಡಿ ನಿಲ್ಲಿಸುವ ಬೀದಿಗಳಿಗೆ. ಬೇಸ್‌ಮೆಂಟ್ ಪಾರ್ಕಿಂಗ್ ಇರುವ ಅಪಾರ್ಟ್‌ಮೆಂಟಿನವರು ಇದನ್ನು ಓದಬೇಕಿಲ್ಲ. ಅವರ ಕಷ್ಟಗಳಿಗೆ ಅಸೋಸಿಯೇಷನ್ ಮೀಟಿಂಗ್ ಇದೆ.

ಕಂಪನಿಯವರು ಕೊಟ್ಟ ದಪ್ಪ ಪುಸ್ತಕ ಇರುವಾಗ ಇದೇಕೆ ಎಂದು ಕೇಳಬಹುದು. ಆ ಪುಸ್ತಕ ಡ್ಯಾಶ್‌ಬೋರ್ಡಿನ ಗೂಡಿನಲ್ಲಿದೆ, ಗೂಡು ಕಾರಿನೊಳಗಿದೆ. ಅಲ್ಲದೆ ಅಂಥ ಪುಸ್ತಕಗಳಲ್ಲಿ ಬೀಗ ಹೆಪ್ಪುಗಟ್ಟುವ ಮಾತು ಬಂದರೆ ಅದು ಹಿಮದ ಜೊತೆಗೇ ಬರುತ್ತದೆ. ನಮಗೆ ಹಿಮದಿಂದ ತೊಂದರೆಯಿಲ್ಲ. ಬೆಂಗಳೂರಿನ ದಾಖಲೆಯಲ್ಲಿ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಯ ಪೇಟೆಂಟಿಗೆ ಅರ್ಜಿ ಹಾಕಿದ್ದು ಅದಾಗಿ ಎರಡು ವರ್ಷಕ್ಕೆ, 1886ರ ಜನವರಿಯಲ್ಲಿ. ಹೀಗಾಗಿ ಈ ಊರಿನ ಅತ್ಯಂತ ಚಳಿಯ ದಿನ ಹೆಪ್ಪುಗಟ್ಟಲು ಕಾರಿನ ಬೀಗವೇ ಇರಲಿಲ್ಲ. ಇದ್ದಿದ್ದರೂ ನೀರು ಮಂಜುಗಡ್ಡೆಯಾಗಲು ಇನ್ನೂ ಎಂಟು ಡಿಗ್ರಿ ಇಳಿಯಬೇಕಿತ್ತು.

ಆದರೂ ವಿಜಯನಗರದಲ್ಲಿ ಡಿಸೆಂಬರಿನ ಬೆಳಗಿನ ಜಾವ ಕಾರಿನ ಬೀಗ ಹೆಪ್ಪುಗಟ್ಟುತ್ತದೆ. ನಿಜವಾಗಿಯೂ ಹೆಪ್ಪುಗಟ್ಟುತ್ತದೆ. ಹೇಗೆ ಎಂಬುದು ಮುಂದಿದೆ.

ಕಾಯಿಲೆಯ ಇತಿಹಾಸ

ಎಲ್ಲ ಶುರುವಾಗುವುದು ಆಯುಧಪೂಜೆಯ ದಿನ. ಅವತ್ತು ಕಾರಿಗೆ ವರ್ಷದ ಅಭ್ಯಂಜನ. ಬಂಪರಿಗೆ ಬಾಳೆಕಂದು, ಬಾನೆಟ್ಟಿಗೆ ಸೇವಂತಿಗೆ ಹಾರ, ಚಕ್ರದಡಿಗೆ ನಿಂಬೆಹಣ್ಣು, ರಸ್ತೆಗೆ ಬೂದುಗುಂಬಳ. ಅರಿಶಿನ ಕುಂಕುಮ ಕಲಸಿದ ಬೆರಳು ಸ್ಟೇರಿಂಗ್, ನಂಬರ್ ಪ್ಲೇಟ್, ನಾಲ್ಕು ಬಾಗಿಲು ಮುಗಿಸಿ, ಉಳಿದದ್ದನ್ನು ಎಲ್ಲಿ ಒರೆಸಲಿ ಎಂದು ನೋಡಿದಾಗ ಕಣ್ಣಿಗೆ ಬೀಳುವುದು ಬೀಗದ ತೂತು. ಅಲ್ಲೊಂದು ಬೊಟ್ಟು ಇಟ್ಟರೆ ಚೆಂದ ಕಾಣುತ್ತದೆ ಕೂಡ. ತೂತಿನ ಬಾಯಿಗೆ ಧೂಳು ತಡೆಯಲು ಇಟ್ಟಿರುವ ಪುಟ್ಟ ಮುಚ್ಚಳದ ಸ್ಪ್ರಿಂಗು ಆ ಬೊಟ್ಟಿನಲ್ಲಿ ಸಿಕ್ಕಿಕೊಂಡು ಅರೆತೆರೆದೇ ನಿಲ್ಲುತ್ತದೆ. ಅದರ ಮೂಲಕ ಮೊದಲು ಕುಂಕುಮ, ಆಮೇಲೆ ಎದುರುಮನೆಯವರು ಮೂರನೇ ಅಂತಸ್ತು ಕಟ್ಟುತ್ತಿರುವುದರಿಂದ ಎಂ-ಸ್ಯಾಂಡಿನ ಪುಡಿ, ಒಳಕ್ಕೆ ಹೋಗುತ್ತದೆ.

ಪೂಜೆ ಮುಗಿದ ಮೇಲೆ ಮನೆಯ ಹಿರಿಯರೊಬ್ಬರು ಬೀಗಕ್ಕೆ ಕೀ ಹಾಕಿ ನೋಡುತ್ತಾರೆ. ರಿಮೋಟು ಬಂದ ಮೇಲೆ ಆ ತೂತಿಗೆ ಕೀ ಹಾಕುವುದು ವರ್ಷಕ್ಕೊಮ್ಮೆ, ಇದೇ ದಿನ. ಸ್ವಲ್ಪ ಬಿಗಿ ಅನ್ನಿಸುತ್ತದೆ. "ಏ, ಒಂದ್ ನಾಕ್ ಹನಿ ಕೊಬ್ಬರಿ ಎಣ್ಣೆ ತಗೊಂಬಾರೋ." ಬಾತ್‌ರೂಮಿನ ನೀಲಿ ಬಾಟಲಿ ಬರುತ್ತದೆ, ನಾಲ್ಕರ ಬದಲು ಹದಿನಾಲ್ಕು ಹನಿ ಬೀಳುತ್ತದೆ, ಕೀ ಬೆಣ್ಣೆಯ ಹಾಗೆ ತಿರುಗುತ್ತದೆ. "ನೋಡು, ಅಷ್ಟೇ ಇದ್ದಿದ್ದು." ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಗೆ ಹೋಗಿ ಒಂದು ಮಂಗಳಾರತಿ ಮಾಡಿಸಿಕೊಂಡು ಬಂದ ಕಾರು ಹೊಂಗೆಮರದ ಕೆಳಗೆ ನಿಂತರೆ ಮತ್ತೆ ಅಲುಗುವುದಿಲ್ಲ.

ಅಲುಗದಿರಲು ಎರಡು ಕಾರಣ. ಮೊದಲನೆಯದು ಮೆಟ್ರೊ. ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯ ತನಕ ನೇರಳೆ ಮಾರ್ಗ 2015ರ ನವೆಂಬರಿನಲ್ಲಿ ಬಂತು, 2021ರ ಆಗಸ್ಟಿನಲ್ಲಿ ಕೆಂಗೇರಿ ಮುಟ್ಟಿತು. ಅತ್ತಿಗುಪ್ಪೆಯಲ್ಲಿ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿಯುವವನಿಗೆ ಕಾರು ಯಾಕೆ? ಎರಡನೆಯ ಕಾರಣವೇ ಮುಖ್ಯ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಾರು ತೆಗೆದರೆ ಜಾಗ ಹೋಗುತ್ತದೆ. ಮರದ ಕೆಳಗಿನ ಆ ಹದಿನಾಲ್ಕು ಅಡಿ ರಸ್ತೆ ಸರ್ಕಾರದ್ದು, ನಿಜ. ಆದರೆ ಇಡೀ ಬೀದಿ ಅದನ್ನು ನಿಮ್ಮದೆಂದು ಒಪ್ಪಿಕೊಂಡಿರುವುದು ನಿಮ್ಮ ಕಾರು ಅಲ್ಲಿ ನಿಂತಿರುವಷ್ಟು ಹೊತ್ತು ಮಾತ್ರ. ಅದಕ್ಕೇ ಜನ ಹೂಕುಂಡ ಇಡುತ್ತಾರೆ, ಪೇಂಟ್ ಡಬ್ಬಿಗೆ ಸಿಮೆಂಟು ತುಂಬಿ ಪೈಪು ನಿಲ್ಲಿಸುತ್ತಾರೆ, ಗೇಟಿಗೆ "ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು" ಎಂದು ಬರೆಸುತ್ತಾರೆ. ಇಷ್ಟೆಲ್ಲಕ್ಕಿಂತ ಗಟ್ಟಿ ಉಪಾಯ ಕಾರನ್ನೇ ಬಿಟ್ಟಿರುವುದು. ಪಶ್ಚಿಮ ಬೆಂಗಳೂರಿನ ಅರ್ಧದಷ್ಟು ಕಾರುಗಳಿಗೆ ಓಡಾಟ ಉಪಕಸುಬು, ಜಾಗ ಕಾಯುವುದೇ ಕಸುಬು ಎಂಬುದು ಈ ಕೈಪಿಡಿಯ ಅಭಿಪ್ರಾಯ.

ನಿಂತ ಕಾರು ಸುಮ್ಮನಿರುವುದಿಲ್ಲ. ಅದರೊಳಗಿನ ಗಡಿಯಾರ, ಕಳ್ಳಗಂಟೆ, ರಿಮೋಟಿನ ಕರೆಗೆ ಕಿವಿಗೊಟ್ಟು ಕೂತಿರುವ ಸಾಧನ ಎಲ್ಲ ಸೇರಿ ಸುಮಾರು 30 ಮಿಲಿಆಂಪಿಯರ್ ಕರೆಂಟು ಹೀರುತ್ತಲೇ ಇರುತ್ತವೆ. ದಿನಕ್ಕೆ ಹೆಚ್ಚುಕಮ್ಮಿ ಮುಕ್ಕಾಲು ಆಂಪಿಯರ್-ಅವರ್ ಆಯಿತು. ಚಿಕ್ಕ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಈ ಲೆಕ್ಕದಲ್ಲಿ ಒಂದೂವರೆ ತಿಂಗಳಿಗೆ ಪೂರಾ ಬತ್ತುತ್ತದೆ, ಹಳೆಯದಾದರೆ ಇನ್ನೂ ಬೇಗ. ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿನಲ್ಲೋ ಪೂಜೆ ಮಾಡಿಸಿಕೊಂಡ ಕಾರಿಗೆ ಡಿಸೆಂಬರ್ ಹೊತ್ತಿಗೆ ಉಸಿರಿಲ್ಲ. ಆಗ ರಿಮೋಟು ಒತ್ತಿದರೆ ಕುಯ್ ಎನ್ನುವುದಿಲ್ಲ. ಉಳಿದ ದಾರಿ ಒಂದೇ: ಕೀ ಹಾಕುವ ತೂತು.

ಹೆಪ್ಪಿನ ವಿಜ್ಞಾನ

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಪರ್ಯಾಪ್ತ ಕೊಬ್ಬು, ಅದರಲ್ಲೂ ಅರ್ಧದ ಹತ್ತಿರ ಲಾರಿಕ್ ಆಮ್ಲ ಎಂಬುದು ಕಾರಣ. ಇದನ್ನು ತಿಳಿಯಲು ಪ್ರಯೋಗಾಲಯ ಬೇಡ. ಡಿಸೆಂಬರಿನಲ್ಲಿ ಬೆಂಗಳೂರಿನ ಪ್ರತಿ ಬಚ್ಚಲಿನಲ್ಲೂ ನೀಲಿ ಬಾಟಲಿ ಬಿಸಿನೀರಿನ ಮಗ್ಗಿನಲ್ಲಿ ಕೂತಿರುತ್ತದೆ. ಪೂಜೆಯ ದಿನ ಮಧ್ಯಾಹ್ನ 28 ಡಿಗ್ರಿ. ಎಣ್ಣೆ ನೀರಿನಂತೆ ಹರಿದು ಬೀಗದ ಮೂಲೆಮೂಲೆಗೆ ಸೇರಿತು. ಡಿಸೆಂಬರಿನ ಬೆಳಗಿನ ಜಾವ 15-16 ಡಿಗ್ರಿ. ಕೆಂಗೇರಿ ಉಪನಗರದ ಕಡೆ, ವೃಷಭಾವತಿಯ ತಗ್ಗಿನಲ್ಲಿ, ಇನ್ನೂ ಒಂದಿಷ್ಟು ಕಡಿಮೆ. ಎಣ್ಣೆ ಬಿಳಿಯ ಮೇಣವಾಗಿ ಕೂತಿತು.

ಬೀಗದೊಳಗೆ ಏನಿದೆ ಎಂದು ಒಮ್ಮೆ ಕಲ್ಪಿಸಿಕೊಳ್ಳಿ. ಕೀ ಹೋಗುವ ಉರುಟು ಕೊಳವೆಯಲ್ಲಿ ಸಾಲಾಗಿ ತೆಳ್ಳನೆಯ ಲೋಹದ ತಗಡುಗಳು, ಒಂದೊಂದರ ಬೆನ್ನಿಗೂ ಕೂದಲೆಳೆಯಂಥ ಸ್ಪ್ರಿಂಗು. ಸರಿಯಾದ ಕೀ ಹೋದಾಗ ಅದರ ಹಲ್ಲುಗಳ ಏರಿಳಿತಕ್ಕೆ ಪ್ರತಿ ತಗಡೂ ತನ್ನ ಮಟ್ಟಕ್ಕೆ ಬಂದು ಕೊಳವೆಯ ಅಂಚಿಗೆ ಸಮನಾಗಿ ನಿಲ್ಲಬೇಕು. ಒಂದು ಹೊರಚಾಚಿದರೂ ಕೊಳವೆ ತಿರುಗದು. ಈಗ ಆ ತಗಡುಗಳ ಸಂದಿಗೆ ಕುಂಕುಮ, ಎಂ-ಸ್ಯಾಂಡು, ಹೊಂಗೆಹೂವಿನ ಪುಡಿ ಬೆರೆತ ಗಟ್ಟಿ ಕೊಬ್ಬರಿ ಎಣ್ಣೆ ಮೆತ್ತಿಕೊಂಡಿದೆ. ಸ್ಪ್ರಿಂಗು ಪಾಪ ಏನು ಮಾಡೀತು?

ಈ ಕಾಯಿಲೆಯ ಗುರುತು ಏನೆಂದರೆ, ಹಗಲು ಹನ್ನೊಂದು ಗಂಟೆಗೆ ಅದು ಇರುವುದಿಲ್ಲ. ಬಿಸಿಲು ಬಿದ್ದು ಬಾಗಿಲಿನ ತಗಡು ಕಾದರೆ ಎಣ್ಣೆ ಕರಗುತ್ತದೆ. ಮೆಕ್ಯಾನಿಕ್ಕನ್ನು ಕರೆದರೆ ಅವನು ಬರುವುದೇ ಹನ್ನೆರಡಕ್ಕೆ. ಕೀ ಹಾಕುತ್ತಾನೆ, ತಿರುಗುತ್ತದೆ, ನಿಮ್ಮ ಮುಖ ನೋಡುತ್ತಾನೆ, ಇನ್ನೂರು ರೂಪಾಯಿ ಕೇಳುತ್ತಾನೆ. ಕರಾವಳಿಯ ನೆಂಟರಿಗೆ ಹೇಳಿದರೂ ನಂಬುವುದಿಲ್ಲ. ಅಲ್ಲಿಯ ಚಳಿಗೆ ಅಷ್ಟು ತಾಕತ್ತಿಲ್ಲ. ಅವರ ಬೀಗಗಳು ಉಪ್ಪುಗಾಳಿಗೆ ತುಕ್ಕು ಹಿಡಿದು ಹಾಳಾಗುತ್ತವೆ.

ಯಾವಾಗ ಎದುರಾಗುತ್ತದೆ

ಸಾಮಾನ್ಯವಾಗಿ ವೈಕುಂಠ ಏಕಾದಶಿಯ ದಿನ ಬೆಳಗಿನ ಜಾವ ನಾಲ್ಕಕ್ಕೆ. ಮೆಟ್ರೊ ಇನ್ನೂ ಎದ್ದಿಲ್ಲ. ಅಮ್ಮ ರೇಷ್ಮೆ ಸೀರೆ ಉಟ್ಟು, ತುಳಸಿಹಾರದ ಕವರು ಹಿಡಿದು, ಗೇಟಿನ ಹೊರಗೆ ನಿಂತಿದ್ದಾರೆ. ಐದಾದರೆ ಕ್ಯೂ ಮುಂದಿನ ರಸ್ತೆಗೆ ತಿರುಗುತ್ತದೆ. ವೈಕುಂಠದ ಬಾಗಿಲು ತೆರೆದಿದೆ, ಕಾರಿನದು ತೆರೆದಿಲ್ಲ.

ಬೇಕಾಗುವ ಸಾಮಾನು

ರಬ್ಬರಿನ ಬಿಸಿನೀರಿನ ಚೀಲ (ಬೆನ್ನುನೋವಿನವರು ಇರುವ ಯಾವ ಮನೆಯಲ್ಲೂ ಸಿಗುತ್ತದೆ), ಹಳೆ ಬನಿಯನ್ ಬಟ್ಟೆ, ಮಕ್ಕಳ ಜಾಮಿಟ್ರಿ ಬಾಕ್ಸಿನಿಂದ ಒಂದು ಪೆನ್ಸಿಲ್ಲು, ಬ್ಲೇಡು, ಟಾರ್ಚು. ಡಬ್ಲ್ಯುಡಿ-40 ಡಬ್ಬಿ ಇದ್ದರೆ ಒಳ್ಳೆಯದು. ಜಂಪರ್ ಕೇಬಲ್ಲು ನಿಮ್ಮಲ್ಲಿ ಇದೆ. ಆದರೆ ಅದು ಡಿಕ್ಕಿಯಲ್ಲಿದೆ.

ಮೊದಲು ಮಾಡಬೇಕಾದ್ದು

ಕೀಯನ್ನು ಬಲವಂತವಾಗಿ ತಿರುಗಿಸಬೇಡಿ. ಈ ಕೈಪಿಡಿಯಲ್ಲಿ ನೆನಪಿಟ್ಟುಕೊಳ್ಳಬೇಕಾದ ಒಂದೇ ಮಾತೆಂದರೆ ಇದು. ಹೆಪ್ಪುಗಟ್ಟಿದ ಬೀಗ ಬಿಸಿಲಿಗೆ ಸರಿಹೋದೀತು. ಅರ್ಧ ಕೀ ಒಳಗೆ ಮುರಿದರೆ ಸರಿಹೋಗುವುದಿಲ್ಲ. ಕೊಡೆಯ ಕೆಳಗೆ ಕೀಗಳ ತೋರಣ ಕಟ್ಟಿಕೊಂಡು ಕೂರುವ ಬೀಗದವರು ಹತ್ತು ಗಂಟೆಗೆ ಮುಂಚೆ ಬರುವುದಿಲ್ಲ. ಅವರು ಹೊಸ ಕೀ ಕತ್ತರಿಸಿ ಕೊಟ್ಟರೂ, ಒಳಗೆ ಚಿಪ್ಪಿರುವ ಕೀಯಾಗಿದ್ದರೆ ಬಾಗಿಲು ತೆರೆದೀತು, ಎಂಜಿನ್ನು ಏಳದು.

ಆಮೇಲೆ, ತಪ್ಪು ಬೀಗದ್ದೋ ರಿಮೋಟಿನದ್ದೋ ನೋಡಿ. ರಿಮೋಟಿನ ಕೆಂಪು ದೀಪ ಮಿನುಗದಿದ್ದರೆ ಅದರ ಸೆಲ್ಲು ಹೋಗಿರಬಹುದು. ಬಹಳಷ್ಟು ರಿಮೋಟುಗಳಲ್ಲಿ ಇರುವುದು ಸಿಆರ್2032. ಹೆಸರಿನಲ್ಲೇ ಅಳತೆಯಿದೆ, 20 ಮಿಲಿಮೀಟರ್ ಅಗಲ, 3.2 ದಪ್ಪ. ಮಗುವಿನ ಆಟಿಕೆಯಲ್ಲಿ ಅದೇ ಸೈಜಿನದು ಸಿಕ್ಕರೆ ಸದ್ಯಕ್ಕೆ ಸಾಲ ಪಡೆಯಿರಿ. ದೀಪ ಮಿನುಗಿಯೂ ಕಾರು ಮಾತಾಡದಿದ್ದರೆ ಕಾರಿನ ಬ್ಯಾಟರಿಯೇ ಮಲಗಿದೆ.

ಎಡಗಡೆಯ ಬಾಗಿಲಿನ ತೂತನ್ನು ಪ್ರಯತ್ನಿಸಿ ಎಂದು ಹಳೆಯ ಕಾಲದವರು ಹೇಳುತ್ತಾರೆ. ಈಗಿನ ಎಷ್ಟೋ ಕಾರುಗಳಲ್ಲಿ ಡ್ರೈವರ್ ಬಾಗಿಲಿಗೆ ಬಿಟ್ಟರೆ ತೂತೇ ಇಲ್ಲ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಾದರೆ ಆ ಒಂದು ತೂತೂ ಹಿಡಿಕೆಯ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಅಡಗಿರುತ್ತದೆ, ಅದಕ್ಕೆ ಬೇಕಾದ ಕೀ ರಿಮೋಟಿನ ಹೊಟ್ಟೆಯೊಳಗೆ. ಇದನ್ನು ಬೆಳಗಿನ ನಾಲ್ಕಕ್ಕೆ ಮೊದಲ ಬಾರಿ ಕಂಡುಕೊಳ್ಳುವವರೇ ಹೆಚ್ಚು.

ಸಲಹೆಗಾರರ ನಿರ್ವಹಣೆ

ಕಾರಿನ ಪಕ್ಕ ಟಾರ್ಚು ಹಿಡಿದು ಬಗ್ಗಿ ನಿಂತವನ ಬಳಿ ಎಷ್ಟು ಹೊತ್ತಾದರೂ ಜನ ಸೇರುತ್ತಾರೆ. ಹಾಲಿನವನು ಮೊದಲಿಗ. "ಏನ್ ಸಾರ್, ಕೀ ತಿರುಗ್ತಾ ಇಲ್ವಾ? ಸ್ವಲ್ಪ ಕೊಬ್ಬರಿ ಎಣ್ಣೆ ಬಿಡಿ." ಅವನಿಗೆ ಥ್ಯಾಂಕ್ಸ್ ಹೇಳಿ ಹಾಲು ತೆಗೆದುಕೊಳ್ಳಿ. ಎರಡನೆಯವನು ಗಾಜಿನ ಸಂದಿಯಲ್ಲಿ ಉಕ್ಕಿನ ಸ್ಕೇಲು ಇಳಿಸಿ ಎನ್ನುತ್ತಾನೆ. ಹಳೇ ಮಾರುತಿ 800ಕ್ಕೆ ಅದು ನಡೆಯುತ್ತಿತ್ತು, ಅದಕ್ಕೇ ಆ ಸ್ಕೇಲು ಕಳ್ಳರ ಬಳಿಯೂ ಇರುತ್ತಿತ್ತು. ಈಗಿನ ಬಾಗಿಲುಗಳೊಳಗೆ ತಂತಿಗಳ ಕಾಡು. ಸ್ಕೇಲು ಇಳಿಸಿದರೆ ಬೀಗ ತೆರೆಯುವುದಕ್ಕೆ ಮುಂಚೆ ಪವರ್ ವಿಂಡೋ ಸಾಯುತ್ತದೆ.

ಮೂರನೆಯವರು ಗೌರವಕ್ಕೆ ಅರ್ಹರು: ಪಕ್ಕದ ಬೀದಿಯಲ್ಲಿ ವಾಕಿಂಗ್ ಹೊರಟ, ಎಚ್‌ಎಂಟಿಯಿಂದ ನಿವೃತ್ತರಾದ ಹಿರಿಯರು. ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ 1961ರಲ್ಲಿ ಕೈಗಡಿಯಾರ ಮಾಡಲು ಶುರುಮಾಡಿದ ಕಾರ್ಖಾನೆಯ ಶಿಸ್ತು ಅವರ ಬೆರಳಲ್ಲಿ ಇನ್ನೂ ಇದೆ. ಅವರು ಕೀಯನ್ನು ಬೀಗಕ್ಕೆ ಹಾಕುವ ಮೊದಲು ಮೂಸಿ ನೋಡುತ್ತಾರೆ. "ಕೊಬ್ಬರಿ ಎಣ್ಣೆ ಹಾಕಿದೀರಾ?" ಎಂದು ಕೇಳುವ ಆ ದನಿಗೆ ಉತ್ತರ ಕೊಡುವ ಧೈರ್ಯ ಯಾರಿಗೂ ಬರುವುದಿಲ್ಲ, ಎಣ್ಣೆ ಬಿಟ್ಟ ಹಿರಿಯರು ಮಹಡಿಯ ಕಿಟಕಿಯಲ್ಲೇ ನಿಂತಿರುವುದರಿಂದ. ಇವರು ಹೇಳಿದ್ದನ್ನು ಕೇಳಿ. ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ, ಮೈಕ್ರಾನಿನ ಬಗ್ಗೆ ಒಂದು ಪಾಠವೂ ಆಗುತ್ತದೆ, ಆದರೆ ಕೆಲಸ ಆಗುತ್ತದೆ.

ನಾಲ್ಕನೆಯದು ವಿಡಿಯೋ ಕರೆ. ಮಿನಿಯಾಪೊಲಿಸ್‌ನಲ್ಲಿರುವ ತಂಗಿಯ ಮಗನಿಗೆ ಅಲ್ಲಿ ಇನ್ನೂ ಹಿಂದಿನ ದಿನದ ಸಂಜೆ, ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿ. ಅವನು ಈ ವಿಷಯದಲ್ಲಿ ಪಂಡಿತ. "ಮಾಮ, ಬಿಸಿನೀರು ಮಾತ್ರ ಸುರೀಬೇಡಿ, ಗಾಜು ಸೀಳುತ್ತೆ, ನೀರು ಮತ್ತೆ ಐಸ್ ಆಗುತ್ತೆ. ಹ್ಯಾಂಡ್ ಸ್ಯಾನಿಟೈಸರ್ ಹಚ್ಚಿ." ಅಲ್ಲಿಗೆ ಅದು ಸರಿಯಾದ ಮಾತು. ಸ್ಯಾನಿಟೈಸರಿನಲ್ಲಿರುವ ಮದ್ಯಸಾರ ಗಟ್ಟಿಯಾಗಲು ಸೊನ್ನೆಗಿಂತ ನೂರಹದಿನಾಲ್ಕು ಡಿಗ್ರಿ ಕೆಳಗೆ ಹೋಗಬೇಕು, ನೀರಿನ ಜೊತೆ ಬೆರೆತು ಮಂಜುಗಡ್ಡೆಯನ್ನೂ ಕರಗಿಸುತ್ತದೆ. 2020ರಲ್ಲಿ ಕೊಂಡ ಐದು ಲೀಟರಿನ ಕ್ಯಾನು ನಮ್ಮ ಅಟ್ಟದ ಮೇಲೂ ಇದೆ. ಆದರೆ ನಮ್ಮ ಬೀಗದಲ್ಲಿರುವುದು ಮಂಜಲ್ಲ, ಕೊಬ್ಬು. ಸ್ಯಾನಿಟೈಸರಿನ ಅಂಟು ಅದರ ಮೇಲೆ ಇನ್ನೊಂದು ಪದರವಾಗಿ ಕೂರುತ್ತದೆ. ಹುಡುಗನಿಗೆ ಕೊಬ್ಬರಿ ಎಣ್ಣೆಯ ಸಂಗತಿ ತಿಳಿಸಬೇಡಿ. ಅವರ ಗೆಳೆಯರ ಬಳಗದಲ್ಲಿ ಚಳಿಗಾಲವಿಡೀ ಅದೇ ಮಾತಾಗುತ್ತದೆ.

ಚಿಕಿತ್ಸೆ

ಬಿಸಿನೀರು ಸುರಿಯಬಾರದೆಂಬುದು ನಮಗೂ ಅನ್ವಯಿಸುತ್ತದೆ, ಬೇರೆ ಕಾರಣಕ್ಕೆ. ಸುರಿದರೆ ಎಣ್ಣೆ ಕರಗುತ್ತದೆ, ಕರಗಿ ಕುಂಕುಮದ ಸಮೇತ ಇನ್ನೂ ಒಳಕ್ಕೆ, ಬಾಗಿಲು ಕಚ್ಚಿಕೊಳ್ಳುವ ಕೊಕ್ಕೆಯ ತನಕ ಇಳಿದು, ನಾಳೆ ಬೆಳಿಗ್ಗೆ ಅಲ್ಲಿ ಗಟ್ಟಿಯಾಗುತ್ತದೆ. ನೀರು ಬೇರೆ ತುಕ್ಕಿಗೆ ಬೀಜ. ಬಾಗಿಲ ತಳದಲ್ಲಿ ಮಳೆನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಹೊಂಗೆ ಎಲೆಯ ಕೊಳೆ ಅವನ್ನು ಆಗಲೇ ಮುಚ್ಚಿದೆ. ಇರಲಿ, ಅದನ್ನು ಇನ್ನೊಂದು ದಿನ ಹಳೇ ಬ್ರಷ್ಷಿನಿಂದ ಬಿಡಿಸಿ.

24 ಡಿಗ್ರಿಗೆ ಕರಗುವ ವಸ್ತುವಿಗೆ ಬೆಂಕಿ ಬೇಕಿಲ್ಲ. ಲೈಟರಿನಲ್ಲಿ ಕೀ ಕಾಯಿಸುವುದು ಸಿನಿಮಾದವರ ಚಾಳಿ; ಕೀಯ ತಲೆಯಲ್ಲಿರುವ ಪ್ಲಾಸ್ಟಿಕ್ಕು ಕರಗಿ, ಚಿಪ್ಪು ಸುಟ್ಟು, ನೀವು ಶಾಶ್ವತವಾಗಿ ಮೆಟ್ರೊ ಪ್ರಯಾಣಿಕರಾಗುತ್ತೀರಿ. ಬಿಸಿನೀರಿನ ಚೀಲವನ್ನು ಬಾಗಿಲಿನ ಹಿಡಿಕೆಗೆ, ಬೀಗದ ಮೇಲೆ ಬರುವ ಹಾಗೆ, ಐದಾರು ನಿಮಿಷ ಒತ್ತಿ ಹಿಡಿಯಿರಿ. ಅಷ್ಟು ಹೊತ್ತೂ ಕೀಯನ್ನು ಇನ್ನೊಂದು ಕೈಯ ಮುಷ್ಟಿಯಲ್ಲಿ ಇಟ್ಟುಕೊಳ್ಳಿ. ಮನುಷ್ಯನ ಮೈ 37 ಡಿಗ್ರಿ, ಅದು ಸಾಕು. ಕಂಕುಳಲ್ಲಿ ಇಟ್ಟುಕೊಂಡರೆ ಇನ್ನೂ ಬೇಗ, ಆದರೆ ದೇವಸ್ಥಾನಕ್ಕೆ ಹೊರಟವರು ಮಡಿಯ ದೃಷ್ಟಿಯಿಂದ ಮುಷ್ಟಿಯೇ ಒಳ್ಳೆಯದು. ಕಾರಿನ ಬಾಗಿಲಿಗೆ ಶಾಖ ಕೊಡುತ್ತಿರುವುದನ್ನು ಕಂಡವರು ಏನಾದರೂ ಅಂದುಕೊಳ್ಳಲಿ.

ಈಗ ಕೀ ಹಾಕಿ. ತಿರುಗಿಸಬೇಡಿ, ಒಳಗೆ ಹೊರಗೆ ಆಡಿಸಿ. ಹೊರಬಂದ ಕೀಗೆ ಬಿಳಿ-ಕೆಂಪು ಬೆರೆತ ಒಂದು ಲೇಪ ಅಂಟಿರುತ್ತದೆ. ಬನಿಯನ್ನಿಗೆ ಒರೆಸಿ ಮತ್ತೆ ಹಾಕಿ. ಕೀ ಚೊಕ್ಕಟವಾಗಿ ಹೊರಬರುವ ತನಕ ಇದೇ ಕೆಲಸ. ಆಮೇಲೆ ನಿಧಾನವಾಗಿ ಎಡಕ್ಕೆ, ಬಲಕ್ಕೆ. ಕಟಕ್ ಎಂದರೆ ಅಮ್ಮನ ಮುಖ ನೋಡಿ.

ಬಾಗಿಲು ತೆರೆಯಿತೆಂದು ಇಲ್ಲಿಗೇ ಬಿಡುವವರು ನಾಳೆ ಇದೇ ಹೊತ್ತಿಗೆ ಇದೇ ಪುಟಕ್ಕೆ ಬರುತ್ತಾರೆ. ಮಧ್ಯಾಹ್ನ ಪುರಸೊತ್ತಾದಾಗ ಡಬ್ಲ್ಯುಡಿ-40ಯ ಸಣ್ಣ ನಳಿಗೆಯನ್ನು ತೂತಿಗೆ ಇಟ್ಟು ಚಿಮ್ಮಿಸಿ, ಹಳೆಯ ಎಣ್ಣೆ ತೊಳೆದು ಹೋಗಲಿ. ಅದು ಹುಟ್ಟಿದ್ದು 1953ರಲ್ಲಿ, ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ, ಲೋಹದಿಂದ ನೀರನ್ನು ಓಡಿಸಿ ತುಕ್ಕು ತಡೆಯುವುದಕ್ಕೆ. ನಲವತ್ತನೆಯ ಪ್ರಯತ್ನಕ್ಕೆ ಕೈಗೂಡಿದ್ದರಿಂದ ಆ ಅಂಕಿ. ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ಬಳಿಯುತ್ತಿದ್ದದ್ದು ನಿಮ್ಮ ಕಾರಿಗೂ ಆದೀತು. ತೊಳೆದು, ಒಂದು ರಾತ್ರಿ ಒಣಗಲು ಬಿಟ್ಟು, ಪೆನ್ಸಿಲ್ಲು ತೆಗೆದುಕೊಳ್ಳಿ. ಪೆನ್ಸಿಲ್ಲಿನ ಕಡ್ಡಿಯಲ್ಲಿರುವುದು ಗ್ರಾಫೈಟು, ಜೊತೆಗೆ ಜೇಡಿಮಣ್ಣು. ಚಿತ್ರಕಾರರ 6ಬಿ ಪೆನ್ಸಿಲ್ಲಿನಲ್ಲಿ ಗ್ರಾಫೈಟು ಹೆಚ್ಚು. ಕೀಯ ಹಲ್ಲುಗಳ ಮೇಲೆ ಚೆನ್ನಾಗಿ ಉಜ್ಜಿ, ಹಾಕಿ ತೆಗೆಯಿರಿ. ಪದರಗಳು ಒಂದರ ಮೇಲೊಂದು ಜಾರುವ ಒಣಪುಡಿ ಇದು, ಚಳಿಗೆ ಗಟ್ಟಿಯಾಗದು, ಧೂಳನ್ನು ಕರೆಯದು. ಎಣ್ಣೆ ಉಳಿದಿರುವಾಗಲೇ ಉಜ್ಜಿದರೆ ಮಾತ್ರ ಕರಿ ಕೆಸರಾಗುತ್ತದೆ.

ಹರಳೆಣ್ಣೆ ಆಗುತ್ತದೆಯೇ? ಆಗುವುದಿಲ್ಲ. ಅದು ನಮ್ಮ ಚಳಿಗೆ ಗಟ್ಟಿಯಾಗದು, ಆದರೆ ಬೀದಿಯ ಧೂಳನ್ನೆಲ್ಲ ಅಂಟಿಸಿಕೊಂಡು ಅಂಟಾಗುತ್ತದೆ. ತುಪ್ಪ? ದಯವಿಟ್ಟು ಬೇಡ.

ಬ್ಯಾಟರಿ ಮತ್ತು ಜಾಗ

ಬಾಗಿಲು ತೆರೆದರೂ ಕಾರು ಏಳುವುದಿಲ್ಲ ಎಂಬುದು ನೆನಪಿರಲಿ. ಎದುರುಮನೆಯವರ ಕಾರಿನಿಂದ ಜಂಪ್ ಮಾಡಬೇಕು. ಕೆಂಪು ಕೇಬಲ್ಲು ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಅದರ ಇನ್ನೊಂದು ತುದಿ ಬದುಕಿದ ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ಕೇಬಲ್ಲು ಬದುಕಿದ್ದರ ಮೈನಸ್ಸಿಗೆ. ಕೊನೆಯ ತುದಿಯನ್ನು ಸತ್ತ ಬ್ಯಾಟರಿಯ ಮೈನಸ್ಸಿಗೆ ಹಾಕಬೇಡಿ. ಅದರಿಂದ ದೂರ, ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಿ. ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ, ಕಿಡಿ ಅದರ ಪಕ್ಕದಲ್ಲಿ ಹಾರಬಾರದು.

ಎಂಜಿನ್ನು ಎದ್ದ ಮೇಲೆ ನಿಂತಲ್ಲೇ ಅರ್ಧ ಗಂಟೆ ಗುರ್ ಎನ್ನಿಸಿದರೆ ಚಾರ್ಜ್ ಆಯಿತೆಂದು ತಿಳಿಯುವುದು ಈ ಭಾಗದಲ್ಲಿ ಪ್ರಚಲಿತ ನಂಬಿಕೆ. ಸುಮ್ಮನೆ ತಿರುಗುವ ಎಂಜಿನ್ನಿನ ಆಲ್ಟರ್ನೇಟರ್ ಕೊಡುವುದು ಅಷ್ಟಕ್ಕಷ್ಟೆ. ಓಡಿಸಬೇಕು, ಅದೂ ಒಂದು ಗತಿಯಲ್ಲಿ. ಬೆಳಗಿನ ಐದಕ್ಕೆ ಮೈಸೂರು ರಸ್ತೆ ಹಿಡಿದು ಕೆಂಗೇರಿ ಮುಟ್ಟಿ ವಾಪಸು ಬಂದರೆ ಸರಿಯಾಗುತ್ತದೆ. ಎಂಟರ ಮೇಲೆ ಹಾವನೂರು ಸರ್ಕಲ್ಲಿನಲ್ಲಿ ನಿಂತು ಚಾರ್ಜ್ ಮಾಡುವ ಯೋಚನೆ ಬಿಡಿ.

ಆದರೆ ಕಾರು ತೆಗೆದರೆ ಜಾಗ ಹೋಗುತ್ತದೆ ಎಂಬ ಮೂಲ ಪ್ರಶ್ನೆ ಹಾಗೇ ಇದೆ. ಪ್ಲಾಸ್ಟಿಕ್ ಕುರ್ಚಿ ಇಟ್ಟರೆ ಡೆಲಿವರಿ ಹುಡುಗ ಅದರ ಮೇಲೆ ಕೂತು ಫೋನ್ ನೋಡುತ್ತಾನೆ, ಎದ್ದು ಹೋಗುವಾಗ ಫುಟ್‌ಪಾತಿಗೆ ಸರಿಸುತ್ತಾನೆ. ಹೂಕುಂಡ ಒಂದು ಸಾಲದು. ಈ ಭಾಗದಲ್ಲಿ ಪರೀಕ್ಷಿಸಿ ಒಪ್ಪಿರುವ ವಿಧಾನವೆಂದರೆ ಮಹಡಿಯವರ ಸ್ಕೂಟರನ್ನು ಜಾಗದ ಮಧ್ಯೆ ಅಡ್ಡಡ್ಡ ನಿಲ್ಲಿಸಿ, ಹ್ಯಾಂಡಲ್ ಲಾಕ್ ಮಾಡಿ ಹೋಗುವುದು. ಹೊರಡುವ ಮೊದಲು ಅವರ ಬಳಿ ಎರಡು ವಿಷಯ ಕೇಳಿಟ್ಟುಕೊಳ್ಳಿ: ಅದರ ಕೀ ಎಲ್ಲಿಟ್ಟಿರುತ್ತಾರೆ, ಮತ್ತು ಆಯುಧಪೂಜೆಯ ದಿನ ಆ ಲಾಕಿಗೆ ಯಾವ ಎಣ್ಣೆ ಬಿಟ್ಟರು.